ಒಳಚಿಲಕ

ರಾಯಚೂರಿನಲ್ಲಿ ಬಾಡಿಗೆ ಮನೆ ಖಾಲಿಯಾದರೆ, ಬೋರ್ಡು ತೂಗುಹಾಕುವುದಕ್ಕೂ ಮುಂಚೆ ಒಳಗೆ ಕಾಲಿಡುವವಳು ವೆಂಕಮ್ಮ. ಹಿರೇಕೊಟ್ನೆಕಲ್‌ನಿಂದ ಬಂದಾಗಿನಿಂದ ಬಣ್ಣ ಹೊಡೆಯುವುದೇ ಅವಳ ಕಸುಬು. ಹಳಬರು ಬಿಟ್ಟುಹೋದ ಮೊಳೆ ಕೀಳುವುದು, ಎಣ್ಣೆ ಹಿಡಿದ ಅಡುಗೆಮನೆ ಗೋಡೆ ಉಜ್ಜುವುದು, ಆಮೇಲೆ ಬಣ್ಣ. ಕೈಗಿಂತ ಬಾಯಿ ಜೋರು. ಕೂಲಿ ಕೊಟ್ಟರೆ ಭಾಷಣ ಪುಕ್ಕಟೆ ಎಂದು ಮಾಲೀಕರು ನಗುತ್ತಾರೆ. ನಗಲಿ. ಗಂಡನ ಏಟು ತಾಳಲಾರದೆ ಹೊರಬಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಬಾಯಿಯೇ ಮನೆ ಕೊಡಿಸಿದೆ.

ಮನೆಗೆ ಅವಳು ಇಡುವ ಪರೀಕ್ಷೆ ಒಂದೇ. ತಾನು ಒಳಗೆ ನಿಂತು ಚಿಲಕ ಹಾಕುತ್ತಾಳೆ. ಜೊತೆಗೆ ಕೆಲಸ ಮಾಡುವ ನೂರ್ ಬೀ ಹೊರಗಿನಿಂದ ಭುಜ ಕೊಟ್ಟು ನೂಕಬೇಕು. ಚಿಲಕ ಅಲುಗಿದರೆ ಯಾರನ್ನೂ ಕೇಳದೆ ಉದ್ದನೆಯ ಸ್ಕ್ರೂ ಹಾಕಿ ಬಿಗಿ ಮಾಡುತ್ತಾಳೆ.

ಈ ಸಲ ಮನೆ ಬೇಕಾಗಿದ್ದು ಮೌನೇಶ್ವರಿಗೆ. ದೇವದುರ್ಗದ ಕಡೆಯ ಜಾಲಹಳ್ಳಿಯಿಂದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು. ಮಾನ್ವಿಯಲ್ಲಿ ತವರಿದೆ, ಆದರೆ ಇವಳು ಹೋದಾಗಲೆಲ್ಲ ಅಣ್ಣಂದಿರು ಬುದ್ಧಿ ಹೇಳಿ ತಿರುಗಿ ಗಂಡನ ಮನೆಗೇ ಬಿಟ್ಟುಬರುತ್ತಿದ್ದರು. ಈಗ ಉಳಿದುಕೊಂಡಿದ್ದ ಹೆಂಗಸರ ಆಶ್ರಯ ಕೇಂದ್ರದಲ್ಲಿ ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು. ಅಕ್ಕಿ ಗಿರಣಿಯಲ್ಲಿ ಕೆಲಸವೇನೋ ಸಿಕ್ಕಿತ್ತು. ತಲೆಯ ಮೇಲೊಂದು ಸೂರು ಸಿಗದಿದ್ದರೆ ಮತ್ತೆ ಜಾಲಹಳ್ಳಿಯೇ ಗತಿ. ಎಂಥ ಮನೆ ಬೇಕೆಂದು ವೆಂಕಮ್ಮ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು:

"ಅಲ್ಲಿ ಚಿಲಕ ಹೊರಗಿತ್ತು ಯವ್ವಾ. ಹಾಕಾಂವ ಅವನೇ, ತೆಗ್ಯಾಂವ ಅವನೇ."

ಆ ಮಾತು ವೆಂಕಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಆಗ ಅವಳು ಬಣ್ಣ ಹೊಡೆಯುತ್ತಿದ್ದದ್ದು ಕಾಳಿನ ವ್ಯಾಪಾರಿ ವಿರೂಪಣ್ಣನ ಹಿತ್ತಲ ಮನೆಗೆ. ಸಣ್ಣ ಮನೆ, ಬಾಡಿಗೆ ಕೈಗೆಟುಕುವಷ್ಟು, ಗಿರಣಿಯೂ ಹತ್ತಿರ. ಮರುದಿನವೇ ಮೌನೇಶ್ವರಿಯನ್ನು ಕರೆತಂದಳು. ಗಂಡ ಹೈದರಾಬಾದಿಗೆ ದುಡಿಯಲು ಹೋಗಿದ್ದಾನೆ ಅನ್ನು ಎಂದು ನೂರ್ ಬೀ ದಾರಿಯಲ್ಲಿ ಕಲಿಸಿಕೊಟ್ಟಳು. ಮೌನೇಶ್ವರಿ ಒಪ್ಪಲಿಲ್ಲ. ಹೆದರಿ ಬದುಕಿದ್ದು ಸಾಕಾಗಿದೆ, ಸುಳ್ಳು ಹೇಳಿ ಮನೆ ಹಿಡಿದರೆ ಅಲ್ಲೂ ಹೆದರಿಕೊಂಡೇ ಇರಬೇಕಲ್ಲ ಎಂದಳು. ವೆಂಕಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು, ಜೊತೆಗೆ ಮನೆ ಕೈತಪ್ಪೀತೆಂಬ ಅಳುಕೂ.

ಇದ್ದದ್ದನ್ನು ಇದ್ದ ಹಾಗೆ ಕೇಳಿಸಿಕೊಂಡ ವಿರೂಪಣ್ಣ ತಲೆ ಕೊಡವಿದ. ಆತ ಕೆಟ್ಟವನಲ್ಲ, ನಾಲ್ಕು ಜನರ ಮಾತಿಗೆ ಹೆದರುವವನು, ಅಷ್ಟೆ. ಗಂಡಸಿಲ್ಲದ ಸಂಸಾರಕ್ಕೆ ಹೇಗೆ ಮನೆ ಕೊಡುವುದು ಎಂದು ಕೇಳಿದ.

ವೆಂಕಮ್ಮ ಏಣಿಯಿಂದ ಇಳಿದಳು. ಕುಂಚವನ್ನು ಡಬ್ಬಿಯ ಮೇಲಿಟ್ಟಳು.

"ಗಂಡಸು ಬೇಕೇ ಬೇಕಂದ್ರ ಜಾಲಹಳ್ಳಿಯಾಗ ಒಬ್ಬ ಅದಾನ್ರಿ, ಈಕೀನ್ನ ಹೊಡದಾಂವ. ಕರಕೊಂಡು ಬರ್ಲೇನು?"

ವಿರೂಪಣ್ಣನ ಮುಖ ಸಪ್ಪಗಾಯಿತು. ಅದು ಸರಿ, ಆದರೆ ಆ ಮನುಷ್ಯ ಬಂದು ಬಾಗಿಲಲ್ಲಿ ಗಲಾಟೆ ಮಾಡಿದರೆ ಮರ್ಯಾದೆಯ ಗತಿಯೇನು ಎಂದು ಗೊಣಗಿದ. ಅಷ್ಟರಲ್ಲಿ ಅವನ ಹೆಂಡತಿ ಚನ್ನಮಲ್ಲಮ್ಮ ಹಿತ್ತಲಿಗೆ ಬಂದಳು. ಬಾಡಿಗೆಯ ವಿಷಯದಲ್ಲಿ ಆಕೆಯನ್ನು ಯಾರೂ ಕೇಳಿದ್ದಿಲ್ಲ, ಅವತ್ತೂ ಕೇಳಿರಲಿಲ್ಲ. ಸೊಂಟದ ಗೊಂಚಲಿನಿಂದ ಬೀಗದ ಕೈ ಬಿಡಿಸಿ ಮೌನೇಶ್ವರಿಯ ಕೈಯಲ್ಲಿಟ್ಟಳು.

"ಬಂದ್ರ ಬರ್ಲಿ. ಬಾಗಲದಾಗ ನಾ ಕುಂದ್ರತೀನಿ."

ವಿರೂಪಣ್ಣ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಅಡ್ವಾನ್ಸನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರಾಯಿತು ಎಂದೂ ಆಕೆಯೇ ತೀರ್ಮಾನಿಸಿದಳು.

ಬಣ್ಣದ ವಾಸನೆ ಹೋಗುವ ಮೊದಲೇ ಮೌನೇಶ್ವರಿ ಬಂದಳು. ವೆಂಕಮ್ಮ ಚಿಲಕಕ್ಕೆ ಹೊಸ ಸ್ಕ್ರೂ ಬಿಗಿದು ಹೊರಗೆ ನಿಂತಳು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಮತ್ತೆ ತೆರೆಯಿತು. ಏನಾದರೂ ಬೇಕಿತ್ತೇ ಎಂದು ವೆಂಕಮ್ಮ ಕೇಳಿದರೆ ಏನಿಲ್ಲವೆಂದು ಮೌನೇಶ್ವರಿ ಮತ್ತೆ ಮುಚ್ಚಿಕೊಂಡಳು. ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಇದೇನೋ ಆಟವೆಂದು ಒಳಗೆ ಮಗು ನಗತೊಡಗಿತು. ಆಮೇಲೆ ಬಾಗಿಲು ತೆರೆಯಲೇ ಇಲ್ಲ. ಮಗುವಿನ ನಗುವಿನ ನಡುವೆ ತಾಯಿಯ ಬಿಕ್ಕಳಿಕೆ ಕೇಳಿಸಿತು.

ಬೇರೊಂದು ಮನೆಯ ಕೆಲಸ ಕಾಯುತ್ತಿತ್ತು. ವೆಂಕಮ್ಮ ಖಾಲಿ ಬಕೆಟ್ಟನ್ನು ಮಗುಚಿ ಅದರ ಮೇಲೆ ಕುಳಿತಳು. ಅವಳ ಕಣ್ಣೂ ತುಂಬಿತ್ತು.

"ಅವಸರ ಇಲ್ಲ ಬಿಡವ್ವಾ," ಎಂದಳು. "ತೆಗ್ಯೋದು ಈಗ ನಿನ್ನ ಕೈಯಾಗ ಅದ."