ಮಾತ್ರೆ ಡಬ್ಬಿಗೆ ಕಾವು ಕೂತ ಕೋಳಿ

ತೊಂಬತ್ತರ ದಶಕದ ಮಾತು. ಭಾವ ಬೆನ್ನಿಗೆ ಪೆಟ್ಟು ಮಾಡಿಕೊಂಡು ರಜೆಗೆ ಬಂದಾಗ ಶ್ರೀರಂಗಪಟ್ಟಣದ ಸ್ಟೇಷನ್ನಿನಿಂದ ಅವರ ಟ್ರಂಕು ಹೊತ್ತು ತಂದವನು ನಾನೇ. ಭಾವ ಎಂದರೆ ನನ್ನಕ್ಕನ ಗಂಡ, ಮಿಲಿಟರಿಯವರು. ಅವರ ಊರು ನಾಗಮಂಗಲದ ಕಡೆ ಒಳಹಳ್ಳಿ, ಆಸ್ಪತ್ರೆ ದೂರ. ಅದಕ್ಕೇ ಅಕ್ಕ ಅವರನ್ನು ಪಾಂಡವಪುರದ ಪಕ್ಕದ ನಮ್ಮ ಮನೆಗೆ ಕರೆತಂದಳು. ಟ್ರಂಕಿನೊಳಗೆ ಕ್ಯಾಂಟೀನಿನ ರಮ್ಮೂ ಇತ್ತು, ನೋವಿಗೆಂದು ಕೊಟ್ಟ ಮಾತ್ರೆಯೂ ಇತ್ತು.

ಭಾವನಿಗೆ ಒಂದು ಮಾತ್ರೆ ನುಂಗಿದರೆ ನೋವು ಹೋಗುತ್ತಿರಲಿಲ್ಲ. ಇನ್ನೊಂದು ನುಂಗುವರು. ನುಂಗಿದ್ದು ಮರೆತು ಮತ್ತೊಂದು. ಒಂದು ದಿನ ಹೊತ್ತು ನೆತ್ತಿಗೆ ಬಂದರೂ ಏಳಲಿಲ್ಲ. ಅಕ್ಕ ಕೊಡದಲ್ಲಿದ್ದ ನೀರನ್ನೆಲ್ಲ ಸುರಿದಳು, ಕಣ್ಣು ಅರೆಬರೆ ತೆರೆದು ಮತ್ತೆ ಮುಚ್ಚಿಕೊಂಡರು. ಕಬ್ಬಿನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಉಳಿದರು.

ಡಾಕ್ಟರು ಅಕ್ಕನಿಗೆ ಹೇಳಿದರು: "ಮಾತ್ರೆ ಇವರ ಕೈಗೆ ಸಿಗಬಾರದು ಕಣಮ್ಮ. ರಾತ್ರಿ ಊಟ ಆದ್ಮೇಲೆ ಒಂದು, ನೀನೇ ಕೊಡು. ರಮ್ಮು ಕಣ್ಣಿಗೂ ಬೀಳಬಾರದು. ಕರೆದ್ರೆ ಏಳ್ಲಿಲ್ಲ, ಉಸಿರು ನಿಧಾನ ಆಯ್ತು ಅಂದ್ರೆ ಕಾಯ್ತಾ ಕೂರಬೇಡಿ, ಎತ್ಕೊಂಡು ಬನ್ನಿ."

ಗಾಡಿಯಲ್ಲಿ ಬರುವಾಗ ಭಾವ ಮೆಲ್ಲಗೆ ಹೇಳಿದರು: "ನಮ್ ಯೂನಿಟ್ನಲ್ಲಿ ಒಬ್ಬ ಇಂಗೇ ಮಾತ್ರೆ ನುಂಗಿ ಮಲಗ್ದೋನು ಎದ್ದೇಳ್ನಿಲ್ಲ ಕಣ್ಲಾ. ಅವತ್ತಿಂದ ಕಾಂಪೌಂಡ್ರು ಎದುರ್ಗೇ ನಿಂತ್ಕಂಡು ನುಂಗುಸ್ತಾನೆ. ಕೂಡಿಟ್ಕಂಡು ಒಟ್ಗೆ ನುಂಗ್ಬಾರ್ದು ಅಂತ ನಾಲಗೆ ಎತ್ತಿ ತೋರಿಸ್ಬೇಕು."

"ಅಂಗಾದ್ರೆ ಇಲ್ಲಿ ಕಾಂಪೌಂಡ್ರು ನಾನೇ ಬುಡಿ," ಎಂದೆ. ಅಂದಿನಿಂದ ಪ್ರತಿರಾತ್ರಿ ಅಕ್ಕ ಮಾತ್ರೆ ಕೊಡುವಳು, ನಾನು ಟಾರ್ಚು ಹಿಡಿದು ಭಾವನ ಬಾಯೊಳಗೆ ಇಣುಕುವೆನು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಅಭ್ಯಾಸವಿದ್ದದ್ದು ಅನುಕೂಲವಾಯಿತು. ರಮ್ಮಿನ ಚಿಂತೆಯೂ ಉಳಿಯಲಿಲ್ಲ. ನಮ್ಮ ಆಲೆಮನೆಯ ಆಳುಗಳು, "ದೇಶಸೇವೆ ಅಂದ್ಕಂಡು ಕುಡೀತೀವಿ ಕಣಣ್ಣ," ಎಂದು ಒಂದೇ ಸಂಜೆಯಲ್ಲಿ ಮುಗಿಸಿಕೊಟ್ಟರು.

ಕಷ್ಟವಾದದ್ದು ಬಚ್ಚಿಡುವ ಕೆಲಸ. ನಾನು ಓದು ಬಿಟ್ಟು ಚಿಕ್ಕಂದಿನಲ್ಲೇ ಆಲೆಮನೆ ಸೇರಿದವನು. ಬೆಲ್ಲದ ಪಾಕವನ್ನು ಒಂದು ದಿನವೂ ಕೆಡಿಸಿದವನಲ್ಲ. ಅಂಥವನಿಗೆ ಒಂದು ಡಬ್ಬಿ ಬಚ್ಚಿಡುವುದು ಯಾವ ಮಹಾ ಕೆಲಸ ಎಂದುಕೊಂಡೆ. ಮಾತ್ರೆಗಳನ್ನು ಎಲೆಯಡಿಕೆಯ ಸುಣ್ಣದ ಖಾಲಿ ಡಬ್ಬಿಗೆ ಹಾಕಿ ರಾಗಿ ಮೂಟೆಯಲ್ಲಿ ಹೂತೆ. ಭಾವ ತೆಗೆದರು. ಸೂರಿನ ಹೆಂಚಿನ ಸಂದಿಗೆ ಸಿಕ್ಕಿಸಿದೆ. ಬೆನ್ನು ಬಗ್ಗದ ಮನುಷ್ಯ ಅದನ್ನೂ ತೆಗೆದರು. ಅಕ್ಕ ಹಿಂದೆಯೇ ಓಡಾಡುತ್ತಿದ್ದುದರಿಂದ ನುಂಗಲು ಆಗಲಿಲ್ಲ, ಅಷ್ಟೇ.

"ಬೆಟ್ಟದ ಮ್ಯಾಲೆ ಶತ್ರುನ ಹುಡುಕ್ದೋನು ಕಣ್ಲಾ ನಾನು. ನಿನ್ ರಾಗಿ ಮೂಟೆ ಯಾವ ಲೆಕ್ಕ?" ಎಂದು ನಕ್ಕರು.

ನನಗೆ ಕೆರಳಿತು. ಹಿತ್ತಿಲಲ್ಲಿ ನಮ್ಮ ಕೆಂಪು ಕೋಳಿ ಹಳೇ ಕುಕ್ಕೆಯಲ್ಲಿ ಕಾವು ಕೂತಿತ್ತು. ಕಾವು ಕೂತ ಕೋಳಿಯ ಹತ್ತಿರ ನಾಯಿಯೂ ಸುಳಿಯುವುದಿಲ್ಲ. ನಮ್ಮದು ಅಕ್ಕ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಕುಕ್ಕುತ್ತಿತ್ತು. ಡಬ್ಬಿಯನ್ನು ಅಕ್ಕನ ಕೈಯಲ್ಲಿ ಅದರ ಅಡಿಗೆ ಇಡಿಸಿದೆ. ಕೋಳಿ ಡಬ್ಬಿಯನ್ನೂ ಮೊಟ್ಟೆಯೆಂದೇ ತಿಳಿದು ಕೊಕ್ಕಿನಿಂದ ಒಳಗೆ ಎಳೆದುಕೊಂಡು ರೆಕ್ಕೆ ಮುಚ್ಚಿತು.

ಭಾವನಿಗೆ ಎರಡೇ ದಿನದಲ್ಲಿ ಜಾಗ ಗೊತ್ತಾಯಿತು, ಆದರೆ ಕೈ ಹಾಕಲಾಗಲಿಲ್ಲ. ಒಮ್ಮೆ ದುಪ್ಪಟಿ ಸುತ್ತಿಕೊಂಡು ತೆವಳಿಕೊಂಡು ಹೋದರು. ಮೂಗಿನ ಮೇಲೆ ಕುಕ್ಕಿಸಿಕೊಂಡು ಬಂದರು.

"ಏನ್ ಭಾವ, ಶತ್ರು ಸಿಕ್ಕುದ್ನಾ?"

"ಮುಚ್ಲಾ ಬಾಯಿ."

ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ಆದರೆ ಮೊಟ್ಟೆ ಎಂದಾದರೂ ಒಡೆಯುತ್ತದೆ, ಮರಿ ಬಂದ ಮೇಲೆ ಕೋಳಿ ಕುಕ್ಕೆ ಬಿಟ್ಟು ಹೋಗುತ್ತದೆ ಎಂಬುದು, ಹುಟ್ಟಿದಂದಿನಿಂದ ಕೋಳಿ ಸಾಕಿದ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಆಲೆಮನೆಯಲ್ಲಿ. ಬುತ್ತಿ ತಂದ ಅಕ್ಕ ಖುಷಿಯಿಂದ ಹೇಳಿದಳು: "ಮರಿ ಎಲ್ಲಾ ಒಡ್ಕಂಡ್ ಬಂದ್ಬುಟ್ಟವೆ ಕಣ್ಲಾ. ಕೋಳಿ ಆಗ್ಲೇ ಅಂಗಳಕ್ಕೆ ಇಳ್ಸೈತೆ."

"ಡಬ್ಬಿ?"

ಅಕ್ಕ ಬುತ್ತಿಯನ್ನು ಅಲ್ಲೇ ಕೆಳಗಿಟ್ಟಳು. "ಕುಕ್ಕೇಲೇ ಅದೆ."

ಕೊಪ್ಪರಿಗೆಯಲ್ಲಿ ಪಾಕ ಇನ್ನೇನು ಇಳಿಸಬೇಕಿತ್ತು. ಬಿಟ್ಟು ಓಡಿದೆ. ಆ ಬೆಲ್ಲ ಕರಟಿ ಇದ್ದಿಲಾಯಿತು.

ಮನೆಗೆ ಬಂದು ನೋಡಿದರೆ ಭಾವ ಅಂಗಳದ ಒರಳುಕಲ್ಲಿನ ಮೇಲೆ ನಿಂತಿದ್ದಾರೆ. ಕೆಳಗೆ ಕೋಳಿ ಪುಕ್ಕ ಕೆದರಿಕೊಂಡು ಸುತ್ತುತ್ತಿದೆ. ಡಬ್ಬಿ ಬಾಯಿ ತೆರೆದು ಬಿದ್ದಿದೆ, ಮಾತ್ರೆ ಅಂಗಳದ ತುಂಬ ಚೆಲ್ಲಿವೆ.

"ಅಂಗೈಗೆ ಸುರ್ಕಂಡಿದ್ದೆ. ಈ ಕೋಳಿ ಆರ್ಕಂಡ್ ಬಂದು ಕೈಗೆ ಕುಕ್ಬುಡ್ತು," ಎಂದರು ಭಾವ.

ಮಾತ್ರೆ ಆರಿಸಿದೆವು. ಎಷ್ಟು ಹುಡುಕಿದರೂ ಅಕ್ಕನ ಲೆಕ್ಕಕ್ಕೆ ಒಂದು ಕಮ್ಮಿ.

"ನುಂಗುದ್ರಾ?" ಅಕ್ಕ ಅವರ ರಟ್ಟೆ ಹಿಡಿದು ಕೇಳಿದಳು.

"ಇಲ್ಲ ಕಣಮ್ಮಿ, ನಿನ್ನಾಣೆ."

"ನನ್ನಾಣೆ ಎಷ್ಟ್ ಸಲ ಹಾಕಿದ್ದೀರಿ! ನಡೀರಿ ಆಸ್ಪತ್ರೆಗೆ."

ನಾನು ನಾಲಗೆ ಎತ್ತಿಸಿ ನೋಡಿದೆ. ಏನೂ ಇರಲಿಲ್ಲ, ಆದರೆ ನುಂಗಿದ ಮೇಲೆ ಅಲ್ಲಿ ಏನಿರುತ್ತದೆ? ಭಾವನನ್ನು ಸೈಕಲ್ಲಿನ ಕ್ಯಾರಿಯರಿಗೆ ಹತ್ತಿಸಿ ತಳ್ಳುವಷ್ಟರಲ್ಲಿ ಹಿಂದೆ ಅಕ್ಕ ಕೂಗಿಕೊಂಡಳು. ಕೋಳಿ ಓಲಾಡುತ್ತಿತ್ತು. ಎರಡು ಹೆಜ್ಜೆ ಇಟ್ಟು, ತಲೆ ಜೋತುಬಿಟ್ಟು, ಮರಿಗಳ ನಡುವೆ ಕುಸಿದು ಕೂತು ಕಣ್ಣು ಮುಚ್ಚಿತು.

ಅಕ್ಕ ಅಳುತ್ತಳುತ್ತಲೇ ನಕ್ಕಳು. ನಾನು ಸೈಕಲ್ಲನ್ನು ಕೈಬಿಟ್ಟೆ, ಭಾವ ಸಮೇತ ಅದು ಸಗಣಿ ಗುಡ್ಡೆಗೆ ಒರಗಿತು. ಒಂದು ಕೋಳಿ ನಿದ್ದೆ ಹೋದದ್ದಕ್ಕೆ ಯಾವ ಮನೆಯಲ್ಲೂ ಅಷ್ಟು ಸಂತೋಷಪಟ್ಟಿರಲಾರರು.

ಭಾವ ಮಾತ್ರ ನಗಲಿಲ್ಲ. ಕೋಳಿಯನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತರು. ರೆಕ್ಕೆಯಡಿ ಕೈಯಿಟ್ಟು ಉಸಿರು ನೋಡುವರು. ಕೊಕ್ಕಿಗೆ ನೀರು ತಾಗಿಸುವರು. "ಏಳೇ, ಏಳೇ ತಾಯಿ," ಎಂದು ಗೊಣಗುವರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಮರಿಗಳು ಚಿಂವ್‌ಗುಟ್ಟುತ್ತ ಅವರ ಪಂಚೆಯೊಳಗೆ ನುಗ್ಗುತ್ತಿದ್ದವು.

"ನಾನ್ ಮಲಗಿದ್ದಾಗ ನೀನೂ ಇಂಗೇ ಕುಂತಿದ್ಯಾ?" ಎಂದು ಅಕ್ಕನನ್ನು ಕೇಳಿದರು.

"ಇನ್ನೇನ್ ಕುಣೀತಿದ್ನಾ?"

ಹೊತ್ತು ಇಳಿಯುವ ವೇಳೆಗೆ ಕೋಳಿ ಒಂದು ಕಣ್ಣು ತೆರೆಯಿತು. ಯಾರ ಮಡಿಲು ಎಂದು ನೋಡಿತು. ನೋಡಿ, ಭಾವನ ಹೆಬ್ಬೆರಳಿಗೆ ಬಲವಾಗಿ ಕುಕ್ಕಿತು.

"ಎದ್ಳು ಕಣ್ಲೇ! ಎದ್ಳು!" ಎಂದು ಭಾವ ಬೀದಿಗೆಲ್ಲ ಕೇಳುವಂತೆ ಕೂಗಿದರು.

ರಾತ್ರಿ ಊಟವಾದ ಮೇಲೆ ಡಬ್ಬಿಯನ್ನು ಎಲ್ಲಿಡುವುದೆಂದು ನಾನು ಸೂರು ನೋಡುತ್ತಿದ್ದೆ. ಭಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಕನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. ಅವಳು ಕೊಟ್ಟ ಒಂದನ್ನು ನುಂಗಿದರು. ಆಮೇಲೆ ನಾನು ಟಾರ್ಚು ಹುಡುಕುವ ಮೊದಲೇ ನನ್ನ ಕಡೆ ತಿರುಗಿ ಬಾಯಿ ತೆರೆದು, ನಾಲಗೆ ಎತ್ತಿದರು.