ದಾಕ್ಷಾಯಿಣಿಯ ದನಿ

ಗುರುಪಾದನ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಗೋಕಾಕಿನ ಪೇಟೆಯಲ್ಲಿತ್ತು. ಅದರ ಫೋನು ಮಾತ್ರ ಅವನ ಮನೆಯ ಒಲೆಯ ಪಕ್ಕದಲ್ಲಿತ್ತು. ಅಂಗಡಿಯ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ ಎಂಬುದು ಅವನ ನೆಪ. ಮದುವೆಯಾಗಿ ಬಂದಾಗಿನಿಂದ ಅವನ ಹೆಂಡತಿ ದಾಕ್ಷಾಯಿಣಿ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೇ ರೊಟ್ಟಿ ಬಡಿದಳು. ಕೌಜಲಗಿಯ ರೈತರ ಮೋಟರ್ ಕೆಟ್ಟರೆ, "ಸ್ಟಾರ್ಟರ್ ಆಫ್ ಮಾಡಿ ಇಡ್ರಿ, ಸಂಜಿಗೆ ಬರ್ತಾರ" ಎಂದು ಸಮಾಧಾನ ಹೇಳುವವಳು ಅವಳು. ಸಂಜೆ ಯಾರೂ ಹೋಗದಿದ್ದರೆ ಬೈಸಿಕೊಳ್ಳುವವಳೂ ಅವಳೇ.

"ನಮ್ಮಾಕಿ ಏನ್ ಮಾಡ್ತಾಳ್ರಿ, ಮನ್ಯಾಗ ಆರಾಮ ಇರ್ತಾಳ" ಎನ್ನುತ್ತಿದ್ದ ಗುರುಪಾದ.

ಕಳೆದ ವರ್ಷ ಅವನು ಯಂತ್ರವೇ ಉತ್ತರ ಕೊಡುವ ಫೋನ್ ವ್ಯವಸ್ಥೆ ಹಾಕಿಸಿದ. ಅದಕ್ಕೆ ದನಿ ಬೇಕಿತ್ತು. ಯಾಕೆಂದು ಹೇಳದೆ ಹೆಂಡತಿಯ ಮುಂದೆ ಮೊಬೈಲ್ ಹಿಡಿದು ಓದಿಸಿದ: "ನಮಸ್ಕಾರ್ರಿ, ಮೋಟರ್ ಸುಟ್ಟಿದ್ರ ಒಂದು ಒತ್ರಿ." ಆ ಯಂತ್ರಕ್ಕೆ ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟಿದ. ತಾನು ಇಷ್ಟು ವರ್ಷ ಮಾಡಿದ್ದು ಕೆಲಸ ಎಂದು ದಾಕ್ಷಾಯಿಣಿಗೆ ಗೊತ್ತಾದದ್ದು ಆಗ.

ಅವಳು ಮೂಡಲಗಿಯಲ್ಲಿ ಅನ್ನಪೂರ್ಣಾ ನಡೆಸುವ ಡ್ರಿಪ್ ಪೈಪಿನ ಅಂಗಡಿಗೆ ಸೇರಿದಳು. ಅಲ್ಲಿಯೂ ಫೋನಿನದೇ ಕೆಲಸ, ಆದರೆ ಪಗಾರಕ್ಕೆ. ಫೋನ್ ಮಾಡುವವರು ಅದೇ ರೈತರು. "ನಮಸ್ಕಾರ್ರಿ" ಎಂದರೆ ಸಾಕು, ಆ ಕಡೆಯಿಂದ ಗುಂಡಿ ಒತ್ತುವ ಸದ್ದು.

"ಕಾಕಾ, ಒತ್ತಬ್ಯಾಡ್ರಿ! ನಾ ಖರೇನ ಮಾತಾಡಾಕತ್ತೇನಿ!"

ತುಕ್ಕಾನಟ್ಟಿಯ ಉದ್ದಪ್ಪ ಮತ್ತೊಮ್ಮೆ ಒತ್ತಿದ. "ಈ ಮಷೀನ ಭಾಳ ಶ್ಯಾಣ್ಯಾ ಆಗೇತಿ ನೋಡ, ತಿರುಗಿ ಮಾತಾಡತೈತಿ" ಎಂದು ಪಕ್ಕದವನಿಗೆ ಹೇಳಿ ಫೋನ್ ಇಟ್ಟ.

ಅನ್ನಪೂರ್ಣಾ ನೇರವಾಗಿ ಹೇಳಿದಳು: "ಗಿರಾಕಿ ಹೋಗಾಕತ್ತಾವ, ಅಕ್ಕಾ. ಏನರ ಮಾಡ್ರಿ. ಇಲ್ಲಂದ್ರ ನಾ ಬ್ಯಾರೇದವರನ್ನ ನೋಡಬೇಕಾಗತೈತಿ."

ಅಂದು ಸಂಜೆ ದಾಕ್ಷಾಯಿಣಿ ಗಂಡನಿಗೆ ಹೇಳಿದಳು, "ನನ್ನ ದನಿ ತಗೀರಿ."

"ಗಿರಾಕಿಗೆ ರೂಢಿ ಆಗೇತಿ. ನನ್ನ ಹೆಂಡ್ತಿ ದನಿ ನನ್ನ ಅಂಗಡ್ಯಾಗ ಇದ್ರ ಯಾರಿಗೇನ ತ್ರಾಸ?"

"ನನಗ್ರಿ."

"ನಿನಗೇನ? ಕೆಲಸಾ ಬಿಟ್ಟು ಮನ್ಯಾಗ ಕುಂದ್ರು."

ಅದೇ ವಾರ ಅವನು ಸೋಲಾರ್ ಪಂಪಿನ ರಿಪೇರಿಯನ್ನೂ ಶುರು ಮಾಡಿದ. ಯಂತ್ರಕ್ಕೆ ಹೊಸ ಮಾತು ತುಂಬಬೇಕಿತ್ತು. ಮೊಬೈಲನ್ನು ಅವಳ ಕೈಗೆ ಕೊಟ್ಟು, ಅವಳೇ ಕಾಯಿಸಿಟ್ಟ ನೀರಿನಲ್ಲಿ ಸ್ನಾನ ಮಾಡಲು ಹೋದ. ಅವಳು ಅದೇ ಮರ್ಯಾದೆಯ ದನಿಯಲ್ಲಿ ಮಾತಾಡಿದಳು:

"ನಮಸ್ಕಾರ್ರಿ. ನಾ ದಾಕ್ಷಾಯಿಣಿ. ನಾ ಈ ಅಂಗಡ್ಯಾಗ ಇಲ್ರಿ, ನನ್ನ ಕೇಳದ ನನ್ನ ದನಿ ಇಟ್ಕೊಂಡಾರ. ನಾ ಮೂಡಲಗ್ಯಾಗ ಪೈಪಿನ ಅಂಗಡ್ಯಾಗ ದುಡಿಯಾಕತ್ತೇನಿ. ಅಲ್ಲಿ ಫೋನ್ ಹಚ್ಚಿದ್ರ ಗುಂಡಿ ಒತ್ತಬ್ಯಾಡ್ರಿ, ಮಾತಾಡ್ರಿ."

ಅವನು ಸ್ನಾನ ಮುಗಿಸಿ ಬಂದಾಗ, ಕಳಿಸುವ ಮುಂಚೆ ಒಮ್ಮೆ ಕೇಳಿ ನೋಡಿ ಎಂದಿತು ಮೊಬೈಲ್. ಗುರುಪಾದ ಕೇಳಲಿಲ್ಲ. ಅವಳು ಎದುರು ನಿಂತು ಹೇಳಿದ್ದನ್ನೇ ಕೇಳದವನು ಇದನ್ನೇಕೆ ಕೇಳಿಯಾನು? ಒತ್ತಿ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ಹುಕ್ಕೇರಿಯಿಂದ ಬಂದ ಗಿರಾಕಿಯೊಬ್ಬ ಅಂಗಡಿಯಲ್ಲೇ ನಕ್ಕ: "ಏನ್ರಿ ಗುರುಪಾದಪ್ಪ, ಹೆಂಡ್ತಿ ದನಿ ಕದ್ದೀರಂತ?"

ಗುರುಪಾದ ಮನೆಗೆ ಬಂದು ಕೂಗಾಡಿದ. "ಮರ್ಯಾದಿ ತಗದಿ!"

"ನಿಮ್ಮದು ಒಂದ ದಿನದಾಗ ಹೋತು. ನನ್ನದು ವರ್ಷಾನಗಟ್ಟಲೆ ಹೋಗಿತ್ರಿ" ಎಂದಳು ಅವಳು.

ರಾತ್ರಿಯೊಳಗೆ ಅವನು ಅವಳ ದನಿಯನ್ನೆಲ್ಲ ಅಳಿಸಿದ. ಬೇರೆ ದನಿ ಸಿಗುವ ತನಕ ಎಣ್ಣೆಗೈಯಲ್ಲಿ ತಾನೇ ಫೋನ್ ಎತ್ತಬೇಕಾಯಿತು.

ಮರುದಿನ ಮೂಡಲಗಿಯ ಅಂಗಡಿಯ ಫೋನು ರಿಂಗಣಿಸಿತು.

"ಯಾರ್ ಮಾತಾಡೋದು?"

"ನಾನ್ರಿ, ದಾಕ್ಷಾಯಿಣಿ."

ಆ ಕಡೆಯ ಹೆಂಗಸು ತನ್ನ ಹೊಲಕ್ಕೆ ಬೇಕಾದ ಪೈಪಿನ ಅಳತೆ ಹೇಳತೊಡಗಿದಳು.