ಬಿಸಿನೀರಮ್ಮನ ಬಗ್ಗೆ ಬರೆದ ಆರು ಸಾಲು

ಹೆರಿಗೆ ವಾರ್ಡು ಇದ್ದ ಎರಡನೇ ಮಹಡಿಯಲ್ಲಿ ಬಿಸಿನೀರಿನ ನಲ್ಲಿ ಇರಲಿಲ್ಲ. ಕೆಳಗಿನ ಬಾಯ್ಲರಿನಿಂದ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ ಆಯಾಳನ್ನು ನರ್ಸುಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಬಿಸಿನೀರಮ್ಮ ಎಂದೇ ಕರೆಯುತ್ತಿದ್ದರು. ಐವತ್ತೈದು ದಾಟಿದ ಹೆಂಗಸು. ಬಲಗಾಲಿನ ಪಾದದ ಮೇಲೆ ಅಂಗೈಯಗಲದ ಸುಟ್ಟ ಕಲೆ. ಯಾರಾದರೂ ಅದನ್ನೇ ನೋಡುತ್ತಿದ್ದರೆ, "ಅದು ನನ್ನ ಸರ್ಟಿಫಿಕೇಟು" ಅನ್ನುತ್ತಿದ್ದಳು.

ನಾನು ಅಲ್ಲಿ ಆರು ದಿನ ಇದ್ದೆ. ಆಪರೇಷನ್ ಮಾಡಿ ಮಗಳನ್ನು ತೆಗೆದಿದ್ದರು. ಮೊದಲ ಸಲ ಎದ್ದು ನಿಂತಾಗ ಕಾಲಗುಂಟ ರಕ್ತ ಇಳಿದು ನೆಲವೆಲ್ಲ ಕೆಂಪಾಯಿತು. ನನಗೆ ನೋವಿಗಿಂತ ನಾಚಿಕೆಗೇ ಅಳು ಬಂತು. ಬಿಸಿನೀರಮ್ಮ ಬಗ್ಗಿ ಒರೆಸುತ್ತಾ, "ಅಳೋದಕ್ಕೇನಿದೆ ತಾಯಿ, ನೆಲ ಇರೋದೇ ಒರೆಸೋದಕ್ಕೆ" ಅಂದಳು. ಮಗು ಮೊಲೆ ಹಿಡಿಯದೆ ಚೀರುತ್ತಿದ್ದಾಗ ಅದರ ಗಲ್ಲವನ್ನು ಬೆರಳ ತುದಿಯಿಂದ ಒಂದಿಷ್ಟು ಕೆಳಗೆಳೆದು ಬಾಯಿಗೆ ಹಾಲು ಸೇರಿಸಿದವಳೂ ಅವಳೇ. ಪುಸ್ತಕ ಓದಿ ನಾನು ಕಲಿತದ್ದು ಆ ಹೊತ್ತಿನಲ್ಲಿ ಯಾವುದೂ ನೆನಪಿಗೆ ಬಂದಿರಲಿಲ್ಲ.

ಮನೆಯಲ್ಲಿ ಅವಳಿಗೆ ಇದ್ದವಳು ಒಬ್ಬ ಅಕ್ಕ. ಲಕ್ವ ಹೊಡೆದು ಮಲಗಿ ನಾಲ್ಕು ವರ್ಷವಾಗಿತ್ತಂತೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಇವಳು ಮನೆಗೆ ಓಡಿ, ಅಕ್ಕನ ಮಗ್ಗುಲು ಬದಲಿಸಿ, ಓಡಿ ಬರುತ್ತಿದ್ದಳು. ಇಬ್ಬರ ಹೊಟ್ಟೆಯೂ ಈ ಒಂದು ಕೆಲಸದ ಮೇಲೆ ನಿಂತಿತ್ತು.

ಮಗು ಹುಟ್ಟಿದ ಮನೆಯವರು ಆಯಾಗಳ ಕೈಗೆ ಇಡುವ ದುಡ್ಡಿಗೆ ಅಲ್ಲಿ 'ಖುಷಿ' ಅನ್ನುತ್ತಿದ್ದರು. ಸಿಬ್ಬಂದಿಗೆ ಹಣ ಕೊಡಬಾರದು, ಪಡೆದವರನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಗೋಡೆಯ ಮೇಲೆ ಫಲಕವೇನೋ ಇತ್ತು. ಅದರ ಮೊಳೆಗೆ ಸದಾ ಯಾರದಾದರೂ ಒದ್ದೆ ಟವೆಲು ನೇತಾಡುತ್ತಿತ್ತು. ಅದನ್ನು ಗಂಭೀರವಾಗಿ ತೆಗೆದುಕೊಂಡವರನ್ನು ನಾನು ಕಾಣಲಿಲ್ಲ.

ಮೂಲೆಯ ಮಂಚದ ಹುಡುಗಿಯ ಮಗು ಉಳಿದಿರಲಿಲ್ಲ. ಆ ಮಂಚದಿಂದ ಖುಷಿ ಬರುವ ಹಾಗಿರಲಿಲ್ಲವಲ್ಲ, ಉಳಿದ ಆಯಾಗಳ ಕಾಲು ಅತ್ತ ಹೋಗುತ್ತಿರಲಿಲ್ಲ. ಬಿಸಿನೀರಮ್ಮ ಬೆಳಗಿನ ಮೊದಲ ಬಕೆಟ್ ಅಲ್ಲಿಗೇ ಒಯ್ಯುತ್ತಿದ್ದಳು. ಕುಡಿಯುವವರಿಲ್ಲದೆ ಹಾಲು ಕಟ್ಟಿ ಕಲ್ಲಾದ ಎದೆಗೆ ಬಟ್ಟೆ ಅದ್ದಿ ಅದ್ದಿ ಶಾಖ ಕೊಡುತ್ತಿದ್ದಳು. ಜೊತೆಯ ಆಯಾ ಒಬ್ಬಳು ಅಣಕಿಸಿದ್ದಕ್ಕೆ, "ಖುಷಿ ಇಲ್ದೋರಿಗೆ ಬಿಸಿನೀರೂ ಬೇಡ್ವೇನೇ?" ಅಂದು ಬಕೆಟ್ ಎತ್ತಿಕೊಂಡು ಹೋದಳು.

ಮನೆಗೆ ಹೊರಡುವ ದಿನ ಖುಷಿ ಕೊಡುವ ವಿಷಯಕ್ಕೆ ನಮ್ಮಲ್ಲೇ ಜಟಾಪಟಿ ಆಯಿತು. ನಮ್ಮವರು ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಕೆಲಸ ನೋಡುವವರು. ಕೊಡಲೇಬಾರದು ಅಂದರು. ಜನ ಹೀಗೆ ಕೈಗೆ ಇಡುತ್ತಾ ಹೋದರೆ ಆಯಾಗಳನ್ನು ಕೆಲಸಕ್ಕಿಟ್ಟ ಗುತ್ತಿಗೆದಾರ ಯಾವತ್ತೂ ಸಂಬಳ ಏರಿಸುವುದಿಲ್ಲ, ಅವನು ಕೊಡಬೇಕಾದ್ದನ್ನು ನಾವು ಕೊಟ್ಟು ಅವನನ್ನೇ ಸಾಕಿದಂತಾಗುತ್ತದೆ ಎನ್ನುವುದು ಅವರ ವಾದ.

ಅಮ್ಮ ಮಗುವಿನ ಬಟ್ಟೆ ಮಡಿಸುತ್ತಾ, "ನಿಮ್ಮ ನ್ಯಾಯ ಬರೋ ಹೊತ್ತಿಗೆ ಅವಳ ಸೊಂಟ ಮುರಿದಿರುತ್ತೆ, ಅಳಿಯಂದಿರೇ" ಅಂದಳು.

ಬಿಸಿನೀರಮ್ಮ ಅಲ್ಲೇ ಹಾಸಿಗೆ ಸುತ್ತುತ್ತಿದ್ದಳು. ಕೇಳಿಸಿಕೊಂಡು ನಕ್ಕಳು. ಸಂಬಳ ಇಷ್ಟೇ, ಮಿಕ್ಕಿದ್ದು ವಾರ್ಡಿನಲ್ಲಿ ಸಿಗುತ್ತದೆ ಎಂದು ಹೇಳಿಯೇ ಗುತ್ತಿಗೆದಾರ ತನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಅಂದಳು. ಅಲ್ಲಿಗೆ ಅಮ್ಮನ ಮಾತೂ ಸರಿ, ಇವರ ಮಾತೂ ಸರಿ. ಎರಡನ್ನೂ ಮಾಡಿದರಾಯಿತು ಎಂದುಕೊಂಡೆ. ಅವಳ ಕೈಗೆ ಖುಷಿ ಇಟ್ಟೆ. ಆಮೇಲೆ ಕೌಂಟರಿನಲ್ಲಿ ಕೊಟ್ಟ ಅಭಿಪ್ರಾಯದ ಹಾಳೆಯ ಆರೂ ಗೆರೆಗಳನ್ನು ಸಣ್ಣ ಅಕ್ಷರದಲ್ಲಿ ತುಂಬಿದೆ. ದಿನಚರಿ ಬರೆದು ರೂಢಿಯಾದ ಕೈ, ಒಂದನ್ನೂ ಬಿಡಲಿಲ್ಲ. ನೆಲ ಒರೆಸಿದ್ದು, ಹಾಲು ಕುಡಿಸಿದ್ದು, ಮೂಲೆಯ ಮಂಚಕ್ಕೆ ಕೊಟ್ಟ ಶಾಖ, ಎಲ್ಲ ಬರೆದೆ. ಕೊನೆಯ ಸಾಲು ಇದು: 'ಅವರು ಕೇಳದಿದ್ದರೂ ನಾವಾಗಿಯೇ ಸಂತೋಷದಿಂದ ಹಣ ಕೊಟ್ಟಿದ್ದೇವೆ; ಇಂಥವರಿಗೆ ಸಂಬಳವನ್ನೇ ಹೆಚ್ಚಿಸಬೇಕು.'

ಒಂದೂವರೆ ತಿಂಗಳಿಗೆ ಮಗಳ ಲಸಿಕೆಗೆ ಹೋದಾಗ ಅವಳಿಗೆ ತೋರಿಸೋಣವೆಂದು ಎರಡನೇ ಮಹಡಿ ಹತ್ತಿದೆ. ಬಕೆಟ್ ಹೊರುತ್ತಿದ್ದವಳು ಬೇರೆ ಹೆಂಗಸು. ಬಿಸಿನೀರಮ್ಮ ಎಲ್ಲಿ ಎಂದು ನರ್ಸಮ್ಮನನ್ನು ಕೇಳಿದೆ.

"ತೆಗೆದುಹಾಕಿ ತಿಂಗಳಾಯ್ತು. ಯಾರೋ ಪುಣ್ಯಾತ್ಗಿತ್ತಿ, ದುಡ್ಡು ಕೊಟ್ಟಿದೀನಿ ಅಂತ ಹಾಳೇಲಿ ಬರೆದು ಹೋಗಿದ್ಳಂತೆ."

ಬರೆದವಳು ನಾನೇ. ನೆಟ್ಟಗೆ ಕೆಳಗಿಳಿದು ಗುತ್ತಿಗೆದಾರನ ಮೇಲ್ವಿಚಾರಕನ ಕೋಣೆಗೆ ಹೋದೆ. ಅವನು ಒರಟನೇನಲ್ಲ. ಕುರ್ಚಿ ಕೊಟ್ಟ, ಫ್ಯಾನು ಹಾಕಿಸಿದ. ಕಡತದಿಂದ ನನ್ನ ಹಾಳೆ ತೆಗೆದು ಮುಂದಿಟ್ಟ.

"ನಾವಾಗಿ ಯಾರನ್ನೂ ಹುಡುಕ್ಕೊಂಡು ಹೋಗಲ್ಲಮ್ಮ. ಬರೆದು ಕೈಗೆ ಕೊಟ್ಟ ಮೇಲೆ ಕಣ್ಣು ಮುಚ್ಕೊಳ್ಳೋಕಾಗುತ್ತಾ?"

ಆ ಕೊನೆಯ ಸಾಲು ಸುಳ್ಳು ಅಂದೆ. ಹಾಗಾದರೆ ಅದನ್ನೂ ಬರೆದುಕೊಡಿ ಅಂದ. ದುಡ್ಡು ಕೊಟ್ಟಿಲ್ಲ, ತಪ್ಪಾಗಿ ಬರೆದೆ ಎಂದು ಬರೆದು ಸಹಿ ಹಾಕಿದೆ. ತೊಡೆಯ ಮೇಲೆ ಮಗಳು ಅಳುತ್ತಿದ್ದಳು. ಅವನು ಎರಡೂ ಹಾಳೆಗಳನ್ನು ಒಂದೇ ಪಿನ್ನಿಗೆ ಚುಚ್ಚಿ, ಮೇಲಿನವರಿಗೆ ಕಳಿಸಿ ನೋಡೋಣ ಅಂದ. ಕಳಿಸಿದನೋ ಇಲ್ಲವೋ, ಅಲ್ಲಿಂದ ನನಗೊಂದು ಮಾತೂ ಬರಲಿಲ್ಲ.

ಎರಡು ವಾರ ಕಾದು, ಮಗಳನ್ನೆತ್ತಿಕೊಂಡು ಅವಳ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದೇ ಕೋಣೆ. ಮಂಚದ ಮೇಲೆ ಅಕ್ಕ, ಕಣ್ಣಷ್ಟೇ ಆಡುತ್ತಿತ್ತು. ಎರಡು ಮನೆಗಳ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿದೆ, ಅದರಲ್ಲಿ ಅಕ್ಕನ ಮಾತ್ರೆಗೂ ಸಾಲುತ್ತಿಲ್ಲ ಅಂದಳು ಬಿಸಿನೀರಮ್ಮ. ಮಾತ್ರೆಯನ್ನು ಈಗ ಅರ್ಧ ಮಾಡಿ ಕೊಡುತ್ತಿದ್ದಳಂತೆ. ಬರೆದವಳು ನಾನು ಅಂದೆ.

"ಗೊತ್ತು ತಾಯಿ. ತೆಗೆಯೋ ದಿನ ಓದಿ ಹೇಳಿದ್ರು. ಅಷ್ಟು ಚೆನ್ನಾಗಿ ನನ್ನ ವಿಷಯ ಯಾರೂ ಹೇಳಿರ್ಲಿಲ್ಲ." ಅಕ್ಕನ ಹೊದಿಕೆ ಸರಿಮಾಡುತ್ತಾ, "ಒಂದು ಸಾಲು ಕಮ್ಮಿ ಬರೆದಿದ್ರೆ ಆಗ್ತಿತ್ತು" ಅಂದಳು.

ಮನೆಯಿಂದ ತಂದಿದ್ದ ದುಡ್ಡನ್ನು ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಅಷ್ಟರಲ್ಲಿ ಮಗಳು ಬಟ್ಟೆಯನ್ನೆಲ್ಲ ಹೊಲಸು ಮಾಡಿಕೊಂಡಿದ್ದಳು. ಬಿಸಿನೀರಮ್ಮ ಎದ್ದು ಸೀಮೆಎಣ್ಣೆ ಸ್ಟೌ ಹಚ್ಚಿ ನೀರಿಟ್ಟಳು. ಬೇಡ ಅಂದರೂ ಕೇಳಲಿಲ್ಲ. ಮೊಣಕೈ ಅದ್ದಿ ಬಿಸಿ ನೋಡಿದಳು, ಮಗಳನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ತೊಳೆದಳು, ಸಂದಿಗೊಂದಿಯೆಲ್ಲ ಒರೆಸಿದಳು, ಬಟ್ಟೆ ಸುತ್ತಿ ನನ್ನ ತೊಡೆಗಿಟ್ಟಳು. ಹೊಲಸು ಬಟ್ಟೆಯನ್ನೂ ಉಳಿದ ನೀರಿನಲ್ಲಿ ಹಿಂಡಿ ಕೊಟ್ಟಳು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಈಗ ಕೊಡು."

ಕೊಟ್ಟೆ. ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಡುವಾಗ ನೋಡಿದೆ, ಸ್ಟೌ ತಾನಾಗಿಯೇ ಆರಿತ್ತು. ಅವಳು ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಎಣ್ಣೆಯ ಸದ್ದೇ ಇರಲಿಲ್ಲ.